ವೈರಸ್ಸಿನ ಪಾಠಾಂತರಗಳು

(ವಿಜಯಪುರದಲ್ಲಿ ಶಿಕ್ಷಕರು, ವಿದ್ಯಾರ್ಥಿಗಳು ಮತ್ತು ಸುತ್ತಲಿನ ಊರುಗಳ ಕೆಲವು ರೈತರು ಕೂಡಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ.)

ಒಂದು ಪದದ ಜೊತೆ ಜಗಳ ತೆಗೆದು ಶುರು ಮಾಡುತ್ತೇನೆ. ರೂಪಾಂತರಿ. ಬದಲಾದ ಕೊರೊನಾ ವೈರಸ್ಸಿಗೆ ಇಟ್ಟ ಹೆಸರು. 2021ರಲ್ಲಿ ಈ ಪದ ಕೇಳದ ದಿನ ಇರಲಿಲ್ಲ. ಟಿವಿ ಹಾಕಿದರೆ ರೂಪಾಂತರಿ, ಪೇಪರ್ ತೆಗೆದರೆ ರೂಪಾಂತರಿ. ಪದ ಕಿವಿಗೇನೋ ಚೆನ್ನಾಗಿದೆ. ಆದರೆ ಕೇಳಿದ ಕೂಡಲೇ ನಿಮಗೆ ಯಾರು ನೆನಪಾಗುತ್ತಾರೆ? ನನಗಂತೂ ಮಾರೀಚ. ಸೀತೆಯನ್ನು ಮರುಳು ಮಾಡಬೇಕು ಅಂತ ಬೇಕೆಂದೇ ಬಂಗಾರದ ಜಿಂಕೆ ಆದವನು. ಅವನಿಗೆ ಉದ್ದೇಶ ಇತ್ತು. ಯಾವ ರೂಪ ತಾಳಿದರೆ ಕೆಲಸ ಆಗುತ್ತದೆ ಅಂತ ಗೊತ್ತಿತ್ತು.

ವೈರಸ್ಸಿಗೆ ಇದ್ಯಾವುದೂ ಇಲ್ಲ. ಕೊಬ್ಬಿನ ಒಂದು ಪೊರೆ, ಅದರ ಮೇಲೆ ಮುಳ್ಳು, ಒಳಗೆ ಸುತ್ತಿಕೊಂಡ ಒಂದು ಉದ್ದನೆಯ ಆರ್‌ಎನ್‌ಎ ಎಳೆ. ಅಷ್ಟೇ. ಅದಕ್ಕೆ ಮೆದುಳಿಲ್ಲ, ಹಸಿವೂ ಇಲ್ಲ. 'ಲಸಿಕೆ ಬಂತು, ಇನ್ನು ವೇಷ ಬದಲಿಸೋಣ' ಅಂತ ಅದು ಅಂದುಕೊಳ್ಳುವುದಿಲ್ಲ. ಹಾಗಿದ್ದ ಮೇಲೆ ಅದು ಬದಲಾಗಿದ್ದು ಹೇಗೆ? ಅದೂ ಸರಿಯಾಗಿ ನಮಗೆ ತೊಂದರೆ ಆಗುವ ದಿಕ್ಕಿನಲ್ಲೇ ಬದಲಾಗಿದ್ದು ಹೇಗೆ? ನನ್ನ ಇವತ್ತಿನ ಮಾತೆಲ್ಲ ಇದೊಂದೇ ಪ್ರಶ್ನೆಯ ಸುತ್ತ.

ನನಗೆ ಇಷ್ಟವಾದ ಪದ ಬೇರೆ ಇದೆ. ಪಾಠಾಂತರ. ಒಂದೇ ಬರಹದ ಬೇರೆ ಬೇರೆ ಪ್ರತಿಗಳಲ್ಲಿ ಕಾಣುವ ವ್ಯತ್ಯಾಸ. ಕನ್ನಡ ಮೇಷ್ಟ್ರುಗಳಿಗೆ ಇದು ಚೆನ್ನಾಗಿ ಗೊತ್ತು. ವಿಜಯಪುರದಲ್ಲಿ ನಿಂತು ಈ ಪದ ಬಳಸುವುದಕ್ಕೆ ಒಂದು ಕಾರಣವೂ ಇದೆ. ಫ. ಗು. ಹಳಕಟ್ಟಿಯವರು ಇದೇ ಊರಿನಲ್ಲಿ ವಕೀಲರಾಗಿದ್ದರು. ವಕೀಲಿ ಪಕ್ಕಕ್ಕಿಟ್ಟು ವಚನಗಳ ತಾಡೋಲೆ ಹುಡುಕಿಕೊಂಡು ಮನೆ ಮನೆ, ಮಠ ಮಠ ತಿರುಗಿದರು. ಆ ಓಲೆಗಳೆಲ್ಲ ಒಬ್ಬರದನ್ನು ನೋಡಿ ಒಬ್ಬರು ಬರೆದುಕೊಂಡ ಪ್ರತಿಗಳು. ನೋಡಿ ಬರೆಯುವಾಗ ಕಣ್ಣು ತಪ್ಪುತ್ತದೆ. 'ಪ' ಇದ್ದದ್ದು 'ಷ' ಆಗುತ್ತದೆ. ಒಂದು ಸಾಲು ಹಾರಿಹೋಗುತ್ತದೆ. ಆ ತಪ್ಪಿನ ಪ್ರತಿಯನ್ನು ನೋಡಿ ಬರೆದವನ ಓಲೆಯಲ್ಲೂ ಅದೇ ತಪ್ಪು ಇಳಿಯುತ್ತದೆ, ಜೊತೆಗೆ ಅವನದೊಂದು ಹೊಸ ತಪ್ಪು. ವಿದ್ವಾಂಸರು ಹತ್ತಾರು ಪ್ರತಿ ಮುಂದೆ ಹರಡಿಕೊಂಡು, ಯಾವ ತಪ್ಪು ಯಾವ್ಯಾವ ಪ್ರತಿಯಲ್ಲಿದೆ ಅಂತ ನೋಡುತ್ತಾರೆ. ಅದರ ಮೇಲೆ ಯಾವುದು ಯಾವುದರ ಮಗು, ಯಾವುದು ಯಾವುದರ ಮೊಮ್ಮಗು ಅಂತ ಹೇಳುತ್ತಾರೆ.

ಕೊರೊನಾ ವೈರಸ್ಸಿನ ವಂಶವೃಕ್ಷ ಬರೆದದ್ದೂ ಹೀಗೇ. ಉಪಾಯ ಅದೇ, ಓಲೆ ಮಾತ್ರ ಬೇರೆ.

ನಾನು ಪಾಠ ಮಾಡುತ್ತಿದ್ದಾಗ ಕ್ಲಾಸಿನಲ್ಲಿ ಒಂದು ಆಟ ಆಡಿಸುತ್ತಿದ್ದೆ. ನೀವೂ ಆಡಿಸಿ, ಖರ್ಚಿಲ್ಲ. ಮೊದಲ ಬೆಂಚಿನ ಹುಡುಗನಿಗೆ ಒಂದು ವಾಕ್ಯ ಕೊಡುವುದು: 'ಹೊಲದ ಬದುವಿನ ಹತ್ತಿರ ಒಂದು ಹಳೆಯ ಬಾವಿ ಇತ್ತು.' ಅವನು ಹತ್ತು ಸೆಕೆಂಡಿನಲ್ಲಿ ನೋಡಿ ಬರೆದು ಹಿಂದಿನವರಿಗೆ ಕೊಡಬೇಕು. ಅವರು ಇಬ್ಬಿಬ್ಬರಿಗೆ ಬರೆದು ಕೊಡಬೇಕು. ಹೀಗೆ ಕೊನೆಯ ಬೆಂಚಿನ ತನಕ. ಒಂದು ಸಲ ನಾಲ್ಕನೇ ಬೆಂಚಿನ ಹುಡುಗ 'ಬಾವಿ'ಯ ಗುಡಿಸು ನುಂಗಿಬಿಟ್ಟ. 'ಒಂದು ಹಳೆಯ ಬಾವ ಇತ್ತು' ಅಂತ ಆಯಿತು. ಅವನ ಹಿಂದಿನ ಹುಡುಗಿ ಜಾಣೆ. 'ಬಾವ ಇತ್ತು' ಸರಿ ಹೋಗುವುದಿಲ್ಲ ಅಂತ 'ಒಬ್ಬ ಹಳೆಯ ಬಾವ ಇದ್ದ' ಅಂತ ತಿದ್ದಿದಳು. ಅಲ್ಲಿಂದ ನೋಡಿ, ಇಡೀ ಕ್ಲಾಸು ನಕ್ಕು ಸಾಕಾಯಿತು. ಎಲ್ಲರಿಗೂ ಆ ಚೀಟಿಯೇ ಬೇಕು. ಬಾವಿಯ ಚೀಟಿ ಯಾರಿಗೂ ಬೇಡ. ಗಂಟೆ ಬಾರಿಸುವ ಹೊತ್ತಿಗೆ ಕೊನೆಯ ಮೂರು ಬೆಂಚಿನಲ್ಲಿ ಬಾವಿ ಬತ್ತಿಹೋಗಿತ್ತು, ಎಲ್ಲಿ ನೋಡಿದರೂ ಬಾವ.

ಇಲ್ಲಿ ಯಾರೂ 'ಬಾವನನ್ನು ಹುಟ್ಟಿಸಬೇಕು' ಅಂತ ಯೋಚಿಸಲಿಲ್ಲ. ತಪ್ಪು ಸುಮ್ನೆ ಆಯಿತು. ಆದರೆ ಹರಡಿದ್ದು ಸುಮ್ನೆ ಅಲ್ಲ. ಅದಕ್ಕೊಂದು ಕಾರಣ ಇತ್ತು, ಆ ಕಾರಣ ಇದ್ದದ್ದು ಕ್ಲಾಸಿನಲ್ಲಿ, ಚೀಟಿಯಲ್ಲಲ್ಲ. ಈ ಬಾವನನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಮತ್ತೆ ಬರುತ್ತಾನೆ.

ಈಗ ವೈರಸ್ಸಿನ ಓಲೆಗೆ, ಅಂದರೆ ಅದರೊಳಗಿನ ಆರ್‌ಎನ್‌ಎ ಎಳೆಗೆ ಬರೋಣ. ಅದರಲ್ಲಿ ಸುಮಾರು 30,000 ಅಕ್ಷರ. ಸರಿಯಾಗಿ ಹೇಳಬೇಕೆಂದರೆ ಚೀನಾದಿಂದ 2020ರ ಜನವರಿಯಲ್ಲಿ ಹೊರಬಂದ ಪ್ರತಿಯಲ್ಲಿ 29,903. ವರ್ಣಮಾಲೆಯಲ್ಲಿ ನಾಲ್ಕೇ ಅಕ್ಷರ. ನಮ್ಮ ಜೀವಕೋಶಕ್ಕೆ ನುಗ್ಗಿದ ಮೇಲೆ ಈ ಓಲೆಯ ಪ್ರತಿ ಮೇಲೆ ಪ್ರತಿ ತೆಗೆಯುವ ಕೆಲಸ ಶುರುವಾಗುತ್ತದೆ. ಈ ಲಿಪಿಕಾರ ಅಷ್ಟೇನೂ ಸೋಮಾರಿ ಅಲ್ಲ. ಕೊರೊನಾ ಜಾತಿಯ ವೈರಸ್ಸುಗಳ ಹತ್ತಿರ ಕರಡು ತಿದ್ದುವ ಒಂದು ಕಿಣ್ವವೂ ಇದೆ. ತಪ್ಪು ಅಕ್ಷರ ಬಿದ್ದರೆ ಕಿತ್ತು ಹಾಕುತ್ತದೆ. ಫ್ಲೂ ವೈರಸ್ಸಿಗೆ, ಎಚ್‌ಐವಿಗೆ ಆ ಭಾಗ್ಯ ಇಲ್ಲ. ಹಾಗಾಗಿ ಕೊರೊನಾದಲ್ಲಿ ಅಂದಾಜು ಹತ್ತು ಲಕ್ಷ ಅಕ್ಷರ ಬರೆದರೆ ಒಂದೋ ಎರಡೋ ತಪ್ಪು.

ಅಷ್ಟೇನಾ, ಅಂತೀರಿ. ಆದರೆ ಪ್ರತಿಗಳ ಲೆಕ್ಕ ನೋಡಿ. ಸೋಂಕು ಜೋರಾಗಿರುವ ದಿನಗಳಲ್ಲಿ ಒಬ್ಬ ಮನುಷ್ಯನ ಮೈಯಲ್ಲಿ 100 ಕೋಟಿಯಿಂದ 10,000 ಕೋಟಿಯವರೆಗೆ ವೈರಸ್ ಕಣಗಳಿರುತ್ತವೆ. 30,000 ಅಕ್ಷರದಲ್ಲಿ ಪ್ರತಿಯೊಂದೂ ಉಳಿದ ಮೂರರಲ್ಲಿ ಒಂದಾಗಬಹುದು. ಅಂದರೆ ಒಂದು ಅಕ್ಷರದ ತಪ್ಪು ಎಷ್ಟು ಬಗೆಯಲ್ಲಿ ಆಗಬಹುದು? 90,000. ಕೋಟಿಗಟ್ಟಲೆ ಪ್ರತಿ ತೆಗೆಯುವಾಗ ಈ 90,000 ಬಗೆಯ ತಪ್ಪುಗಳಲ್ಲಿ ಹೆಚ್ಚಿನವು ಒಬ್ಬನೇ ರೋಗಿಯ ಮೈಯಲ್ಲಿ, ಒಂದಲ್ಲ ಒಂದು ಪ್ರತಿಯಲ್ಲಿ ಆಗಿಯೇ ಆಗಿರುತ್ತವೆ. ಮುಂದೆ ಡೆಲ್ಟಾ ಅಂತ ಹೆಸರಾದದ್ದರ ಒಂದೊಂದು ಅಕ್ಷರವೂ 2020ರ ಮೊದಲ ತಿಂಗಳಲ್ಲೇ ಎಷ್ಟೋ ಮೂಗುಗಳಲ್ಲಿ ಹುಟ್ಟಿ ಸತ್ತಿರಬೇಕು.

ಇಲ್ಲೊಂದು ಲೆಕ್ಕ ಹೇಳಲೇಬೇಕು, ವಿಷಯಕ್ಕೆ ಅಷ್ಟೇನೂ ಬೇಕಿಲ್ಲ, ಆದರೆ ನನಗೆ ಬಿಡಲಾಗದು. ಜಗತ್ತಿನ ಎಲ್ಲ ಸೋಂಕಿತರ ಮೈಯಲ್ಲಿ ಒಂದು ಹೊತ್ತಿಗೆ ಇದ್ದ ಎಲ್ಲ ವೈರಸ್ ಕಣಗಳನ್ನು ತಕ್ಕಡಿಗೆ ಹಾಕಿದರೆ ಎಷ್ಟು ತೂಗುತ್ತದೆ ಅಂತ ವಿಜ್ಞಾನಿಗಳು ಅಂದಾಜು ಮಾಡಿದರು. 100 ಗ್ರಾಂಗಿಂತ ಕಡಿಮೆ ಇಲ್ಲ, 10 ಕಿಲೋಗಿಂತ ಜಾಸ್ತಿ ಇಲ್ಲ. ಇಡೀ ಪ್ರಪಂಚದ ಬಾಗಿಲು ಹಾಕಿಸಿದ್ದು ಒಂದು ಸಣ್ಣ ಚೀಲ ಜೋಳದಷ್ಟು ಸರಕು!

ತಪ್ಪುಗಳು ಹುಟ್ಟುವುದು ಇಷ್ಟು ಸುಲಭ ಅಂದಮೇಲೆ ದಿನಕ್ಕೊಂದು ಹೊಸ ವೈರಸ್ ಯಾಕೆ ಬರಲಿಲ್ಲ? ಎರಡು ಕಾರಣ. ಒಂದು, ಹೆಚ್ಚಿನ ತಪ್ಪುಗಳು ಕೆಟ್ಟ ತಪ್ಪುಗಳು. ವಾಕ್ಯವೇ ಅರ್ಥ ಆಗದ ಹಾಗೆ ಆಗಿ, ಆ ಪ್ರತಿ ಅಲ್ಲೇ ಕೊನೆಯಾಗುತ್ತದೆ. ಇನ್ನು ಕೆಲವು ತಪ್ಪುಗಳಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಎರಡು, ಒಬ್ಬರಿಂದ ಒಬ್ಬರಿಗೆ ದಾಟುವ ಬಾಗಿಲು ಬಹಳ ಸಣ್ಣದು. ನಿಮ್ಮ ಮೈಯಲ್ಲಿ ಕೋಟಿಗಟ್ಟಲೆ ಇರಬಹುದು. ಆದರೆ ಇನ್ನೊಬ್ಬರ ಮೈಯಲ್ಲಿ ಸೋಂಕು ಹೂಡುವುದು ಸಾಮಾನ್ಯವಾಗಿ ಬೆರಳೆಣಿಕೆಯ ಕಣಗಳು. ಆ ಬೆರಳೆಣಿಕೆಯಲ್ಲಿ ಯಾವುದು ಸೇರಿತು ಅನ್ನುವುದು ಬಹುಮಟ್ಟಿಗೆ ಅದೃಷ್ಟ. ಇದರಿಂದಾಗಿ ಒಂದು ವಂಶದಲ್ಲಿ ಉಳಿದು ಮುಂದುವರಿದ ಬದಲಾವಣೆ ತಿಂಗಳಿಗೆ ಸುಮಾರು ಎರಡು ಅಕ್ಷರ ಮಾತ್ರ.

ಅದೃಷ್ಟದ ಮಾತು ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಬೇಕು. ಯಾಕೆಂದರೆ ಹರಡಿದ್ದೆಲ್ಲ ಶೂರ ಅಲ್ಲ. ಇಬ್ಬರಿಗೆ ಒಂದೇ ದಿನ ಸೋಂಕು ತಗಲಿದೆ ಅನ್ನಿ. ಒಬ್ಬ ಮನೆಯಲ್ಲಿ ಮಲಗಿದ, ಇನ್ನೊಬ್ಬ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದ. ಎರಡನೆಯವನ ವೈರಸ್ ಹತ್ತೂರಿಗೆ ಹೋಯಿತು. ವೈರಸ್ಸಿನ ಹೆಚ್ಚುಗಾರಿಕೆ ಏನೂ ಇಲ್ಲ, ಬಸ್ ಸಿಕ್ಕಿತು ಅಷ್ಟೇ. 2020ರ ಬೇಸಿಗೆಯಲ್ಲಿ ಯುರೋಪಿನಲ್ಲಿ ಹೀಗೇ ಆಯಿತು. ಸ್ಪೇನ್‌ನಲ್ಲಿ ಕಾಣಿಸಿದ ಒಂದು ಬಗೆ ಹಲವು ದೇಶಗಳಿಗೆ ಹಬ್ಬಿತು. ಇದೇನೋ ಭಯಂಕರ ಹೊಸ ಬಗೆ ಅಂತ ಮೊದಲು ಅನುಮಾನ ಪಟ್ಟರು. ಕೊನೆಗೆ ನೋಡಿದರೆ ರಜೆಗೆ ಸ್ಪೇನ್‌ಗೆ ಹೋದವರು ಹೊತ್ತು ತಂದಿದ್ದರು.

ಹಾಗಾದರೆ ಅದೃಷ್ಟ ಯಾವುದು, ಆಯ್ಕೆ ಯಾವುದು ಅಂತ ಹೇಗೆ ತಿಳಿಯುವುದು? ಒಂದೇ ತಪ್ಪು, ಸಂಬಂಧವೇ ಇಲ್ಲದ ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ವಂಶಗಳಲ್ಲಿ ತಾನಾಗಿ ಹುಟ್ಟಿ, ಹುಟ್ಟಿದ ಕಡೆಯೆಲ್ಲ ಗೆದ್ದರೆ ಅದು ಅದೃಷ್ಟ ಅಲ್ಲ. ವೈರಸ್ಸಿನ ಮುಳ್ಳು 1,273 ಮಣಿಗಳ ಸರ ಇದ್ದ ಹಾಗೆ. ಯಾವ ಜಾಗಕ್ಕೆ ಯಾವ ಮಣಿ ಅಂತ ಹೇಳುವುದು ಓಲೆಯ ಅಕ್ಷರಗಳು, ಹಾಗಾಗಿ ಅಕ್ಷರ ತಪ್ಪಿದರೆ ಮಣಿ ಬದಲಾಗಬಹುದು. ಅದರ 501ನೇ ಮಣಿ ಬ್ರಿಟನ್ನಿನಲ್ಲಿ ಬದಲಾಯಿತು. ದಕ್ಷಿಣ ಆಫ್ರಿಕದಲ್ಲೂ ಬದಲಾಯಿತು. ಬ್ರೆಜಿಲ್‌ನಲ್ಲೂ ಬದಲಾಯಿತು. ಮೂರೂ ಕಡೆ ಅದೇ ಮಣಿ, ಅದೇ ಬದಲಾವಣೆ. ಒಬ್ಬರದನ್ನು ಒಬ್ಬರು ನೋಡಿ ಬರೆದದ್ದಲ್ಲ. ಆ ಬದಲಾವಣೆ ಆದರೆ ಮುಳ್ಳು ನಮ್ಮ ಜೀವಕೋಶದ ಬಾಗಿಲನ್ನು ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ತಾಡೋಲೆಯ ಹೋಲಿಕೆ ಇಲ್ಲಿ ಸ್ವಲ್ಪ ಕುಂಟುತ್ತದೆ. ಇಬ್ಬರು ಲಿಪಿಕಾರರು ಒಂದೇ ತಪ್ಪು ಮಾಡುವುದು ಅಕ್ಷರಗಳು ಒಂದೇ ಥರ ಕಾಣುವುದರಿಂದ. ವೈರಸ್ಸಿನಲ್ಲಿ ತಪ್ಪು ಎಲ್ಲ ಕಡೆಯೂ ಆಗುತ್ತದೆ, ಉಳಿಯುವುದು ಮಾತ್ರ ಒಂದೇ.

ಈ 'ಉಳಿಯುವುದು' ಅನ್ನುವುದನ್ನು ನನಗೆ ಸರಿಯಾಗಿ ಅರ್ಥ ಮಾಡಿಸಿದ್ದು ಒಬ್ಬ ಹತ್ತಿ ಬೆಳೆಗಾರ. ಅವರು ಹೇಳಿದ್ದು ತಪ್ಪಾಗಿತ್ತು, ಆದರೆ ಬಹಳ ಒಳ್ಳೆಯ ತಪ್ಪು. "ಸರ್, ಹುಳ ಎಣ್ಣಿಗೆ ರೂಢಿ ಆಗಿಬಿಟ್ಟಾವ್ರಿ. ಮೊದಲ ಒಂದ ಸಲ ಹೊಡದ್ರ ಸಾಯ್ತಿದ್ವು. ಈಗ ಮೂರ ಸಲ ಹೊಡದ್ರೂ ಸಾಯವಲ್ವು" ಅಂದರು. ಎಣ್ಣೆ ಅಂದರೆ ಕೀಟನಾಶಕ. ನಾನು ಕೇಳಿದೆ, "ರೂಢಿ ಆಗಿದ್ದು ಯಾವ ಹುಳಕ್ಕೆ? ಮೊದಲ ಸಲ ಹೊಡೆದಾಗ ಸತ್ತದ್ದಕ್ಕಾ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕರು. ಸತ್ತ ಹುಳಕ್ಕೆ ರೂಢಿ ಆಗಲು ಸಾಧ್ಯವಿಲ್ಲ, ಅಲ್ವಾ? ಯಾವ ಹುಳವೂ ಎಣ್ಣೆ ಕುಡಿದು ಕುಡಿದು ಗಟ್ಟಿಯಾಗಲಿಲ್ಲ. ಸಾವಿರದಲ್ಲಿ ಒಂದೆರಡು ಹುಳ ಮೊದಲೇ ಬೇರೆ ಥರ ಇದ್ದವು. ಉಳಿದವು ಸತ್ತವು, ಹೊಲವೆಲ್ಲ ಖಾಲಿಯಾಯಿತು. ಆ ಒಂದೆರಡರ ಮಕ್ಕಳು ಮೊಮ್ಮಕ್ಕಳು ಹೊಲ ತುಂಬಿದವು. ಹತ್ತಿಯ ಗುಲಾಬಿ ಕಾಯಿಕೊರಕದ್ದು ಇದೇ ಕಥೆ. 2002ರಲ್ಲಿ ಬಿಟಿ ಹತ್ತಿ, ಅಂದರೆ ಹುಳ ಕೊಲ್ಲುವ ವಿಷವನ್ನು ಗಿಡವೇ ತಯಾರಿಸುವ ತಳಿ, ಬಂತು, ಹುಳ ಸತ್ತಿತು. ಹತ್ತು ವರ್ಷ ಆಗುವ ಮೊದಲೇ ಗುಜರಾತಿನಲ್ಲಿ ಅದಕ್ಕೆ ಬಗ್ಗದ ಹುಳ ಕಂಡವು. 2006ರಲ್ಲಿ ಎರಡು ವಿಷದ ತಳಿ ತಂದರು. ಮುಂದಿನ ಹತ್ತು ವರ್ಷದಲ್ಲಿ ಅದನ್ನೂ ತಿಂದು ಬದುಕುವ ಹುಳ ಬಂದವು.

ನಿಸರ್ಗದ ಆಯ್ಕೆ ಅಂದರೆ ಇಷ್ಟೇ. ಸಾಣಿಗೆಯಲ್ಲಿ ಹಿಟ್ಟು ಹಿಡಿದ ಹಾಗೆ. ಸಾಣಿಗೆಗೂ ಬುದ್ಧಿ ಇಲ್ಲ, ಹಿಟ್ಟಿಗೂ ಬುದ್ಧಿ ಇಲ್ಲ. ತೂತಿನ ಅಳತೆಗೆ ಹೊಂದಿದ್ದು ಕೆಳಗೆ ಬೀಳುತ್ತದೆ. ಹಾಗಾಗಿ ಮುಂದೆ ಏನು ಬೀಳುತ್ತದೆ ಅಂತ ತಿಳಿಯಬೇಕಾದರೆ ಹಿಟ್ಟನ್ನಷ್ಟೇ ನೋಡಿದರೆ ಸಾಲದು, ಸಾಣಿಗೆಯನ್ನು ನೋಡಬೇಕು. ಕೊರೊನಾದ ಸಾಣಿಗೆ ಯಾವುದು? ನಾವು. ನಮ್ಮ ಮೂಗು, ನಮ್ಮ ಗಂಟಲು, ನಮ್ಮ ಮೈಯ ರೋಗನಿರೋಧಕ ಶಕ್ತಿ, ನಮ್ಮ ಓಡಾಟ.

2020ರಲ್ಲಿ ಈ ಸಾಣಿಗೆ ಹೇಗಿತ್ತು? ಯಾರ ಮೈಯಲ್ಲೂ ಈ ವೈರಸ್ಸಿನ ಪರಿಚಯ ಇಲ್ಲ. ಬಾಗಿಲೆಲ್ಲ ತೆರೆದಿದೆ. ಆಗ ಗೆಲ್ಲುವುದು ಯಾವುದು? ಬೇಗ ಓಡುವುದು. 2020ರ ಮಧ್ಯದೊಳಗೆ ಮುಳ್ಳಿನ 614ನೇ ಮಣಿ ಬದಲಾದ ಬಗೆ ಜಗತ್ತನ್ನೆಲ್ಲ ತುಂಬಿತು. ಆ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಕೆಂಟ್ ಕಡೆ ಸಿಕ್ಕ ಆಲ್ಫಾ, ಹಿಂದಿನದಕ್ಕಿಂತ ಒಂದೂವರೆ ಪಟ್ಟು ವೇಗವಾಗಿ ಹರಡುತ್ತಿತ್ತು.

ಒಂದೂವರೆ ಪಟ್ಟು ಅಂದರೆ ಸಣ್ಣದು ಅನ್ನಿಸುತ್ತದೆ. ಚಕ್ರಬಡ್ಡಿ ಕೊಟ್ಟು ಸೋತವರಿಗೆ ಹಾಗೆ ಅನ್ನಿಸುವುದಿಲ್ಲ. ಬೋರ್ಡಿನ ಮೇಲೆ ಲೆಕ್ಕ ಮಾಡೋಣ. ಊರಿನಲ್ಲಿ 1,000 ಹಳೆಯ ಬಗೆಯ ಸೋಂಕು, ಹೊಸದು ಒಂದೇ ಒಂದು. ಒಬ್ಬರಿಂದ ಒಬ್ಬರಿಗೆ ದಾಟುವುದನ್ನು ಒಂದು ಸುತ್ತು ಅನ್ನೋಣ. ಸುತ್ತಿಗೆ ಒಂದೂವರೆ ಪಟ್ಟಿನ ಹಾಗೆ ಹೊಸದರ ಪಾಲು ಏರುತ್ತ ಹೋದರೆ, 17 ಸುತ್ತಿಗೆ ಎರಡೂ ಸರಿಸಮ. ಸುತ್ತಿಗೆ ಐದು ದಿನ ಹಿಡಿದರೂ ಮೂರು ತಿಂಗಳು ತುಂಬುವುದಿಲ್ಲ. ಇನ್ನೊಂದು ಆರು ಸುತ್ತು ಹೋದರೆ ಹಳೆಯದು ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ಹಳೆಯದನ್ನು ಯಾರೂ ಕೊಲ್ಲಲಿಲ್ಲ. ಓಟದಲ್ಲಿ ಹಿಂದೆ ಬಿತ್ತು ಅಷ್ಟೇ.

ಆಮೇಲೆ ಡೆಲ್ಟಾ. ಅದರ ಮಾದರಿಗಳು ನಮ್ಮ ದೇಶದಲ್ಲಿ ಮೊದಲು ಸಿಕ್ಕದ್ದು 2020ರ ಅಕ್ಟೋಬರಿನವು. ನಮ್ಮ ಜೀವಕೋಶದ ಒಂದು ಕಿಣ್ವ ಈ ಮುಳ್ಳನ್ನು ಒಂದು ಕಡೆ ಕತ್ತರಿಸಿದರೆ ವೈರಸ್ಸಿಗೆ ಒಳಗೆ ಹೋಗುವುದು ಸಲೀಸು. ಡೆಲ್ಟಾದ 681ನೇ ಮಣಿಯ ಬದಲಾವಣೆ ಆ ಕತ್ತರಿಗೆ ಜಾಗ ಮಾಡಿಕೊಟ್ಟಿತು. ಆಲ್ಫಾಗಿಂತ ಮತ್ತೆ ಅರ್ಧಪಟ್ಟು ಜಾಸ್ತಿ ವೇಗ. 2021ರ ಮೇ ಮೊದಲ ವಾರಗಳಲ್ಲಿ ದೇಶದಲ್ಲಿ ದಿನಕ್ಕೆ ನಾಲ್ಕು ಲಕ್ಷ ದಾಟಿದ ದಿನಗಳಿದ್ದವು, ಅದೂ ಪರೀಕ್ಷೆ ಮಾಡಿಸಿದವರ ಲೆಕ್ಕ. ಆ ಎರಡು ತಿಂಗಳ ಬಗ್ಗೆ ಈ ಸಭೆಗೆ ನಾನು ಹೇಳುವುದೇನೂ ಇಲ್ಲ.

ಇದೇ ಹೊತ್ತಿನ ಒಂದು ಸೋಲಿನ ಕಥೆ ಮಾತ್ರ ಹೇಳುತ್ತೇನೆ, ಯಾಕೆಂದರೆ ಸೋತವರ ಬಗ್ಗೆ ಯಾರೂ ಮಾತಾಡುವುದಿಲ್ಲ. ದಕ್ಷಿಣ ಆಫ್ರಿಕದ ಬೀಟಾ. ಪ್ರತಿಕಾಯಗಳು ಅಂದರೆ ವೈರಸ್ಸನ್ನು ಗುರುತು ಹಿಡಿದು ತಡೆಯಲು ನಮ್ಮ ಮೈ ತಯಾರಿಸುವ ಪ್ರೊಟೀನುಗಳು. ಅವುಗಳ ಕಣ್ಣು ತಪ್ಪಿಸುವುದರಲ್ಲಿ ಅದು ಆಲ್ಫಾ, ಡೆಲ್ಟಾ ಎರಡಕ್ಕಿಂತ ಜಾಣ. ಲ್ಯಾಬಿನಲ್ಲಿ ಅದನ್ನು ನೋಡಿ ವಿಜ್ಞಾನಿಗಳು ಹೆದರಿದ್ದರು. ಆದರೆ ಡೆಲ್ಟಾ ಬಂದ ಮೇಲೆ ಬೀಟಾ ಅದರ ತವರಿನಲ್ಲೇ ಮಾಯವಾಯಿತು. ಯಾಕೆ? ಆಗಿನ ಸಾಣಿಗೆಗೆ ಬೇಕಾಗಿದ್ದು ಓಟ. ಪ್ರತಿಕಾಯ ಇದ್ದವರೇ ಕಡಿಮೆ ಇದ್ದಾಗ ಪ್ರತಿಕಾಯದಿಂದ ತಪ್ಪಿಸಿಕೊಳ್ಳುವ ಜಾಣತನ ಏನು ಕೆಲಸಕ್ಕೆ ಬಂತು? ಮಳೆಗಾಲಕ್ಕೆ ಮೊದಲೇ ಕೊಡೆ ಹಿಡಿದು ನಿಂತ ಹಾಗೆ.

ಹೆಸರುಗಳ ಬಗ್ಗೆ ಎರಡು ಮಾತು. ಗ್ರೀಕ್ ಅಕ್ಷರಗಳನ್ನು ವಿಶ್ವ ಆರೋಗ್ಯ ಸಂಸ್ಥೆ ತಂದದ್ದು 2021ರ ಮೇ 31ಕ್ಕೆ. ಅದಕ್ಕೆ ಮುಂಚೆ ಬ್ರಿಟನ್ ವೈರಸ್, ಭಾರತದ ವೈರಸ್ ಅಂತ ಊರಿನ ಹೆಸರಿಟ್ಟು ಕರೆಯುತ್ತಿದ್ದರು. ಚೆನ್ನಾಗಿ ಹುಡುಕಿದ ಊರಿಗೇ ಕೆಟ್ಟ ಹೆಸರು. ಹುಡುಕದವರು ಆರಾಮ. ಇದು ನ್ಯಾಯವಾ? ಗ್ರೀಕ್ ಅಕ್ಷರ ಬಂದದ್ದು ಒಳ್ಳೆಯದಾಯಿತು.

ಈಗ ಒಂದು ಗಂಟು ಬಿಡಿಸಬೇಕು. ತಿಂಗಳಿಗೆ ಎರಡು ಅಕ್ಷರ ಬದಲಾಗುತ್ತದೆ ಅಂದೆ. ಆದರೆ ಆಲ್ಫಾ ಕಾಣಿಸಿಕೊಂಡಾಗ ಪ್ರೊಟೀನು ಬದಲಿಸುವ 17 ಬದಲಾವಣೆ ಒಟ್ಟಿಗೇ ಹೊತ್ತು ಬಂತು. ನಡುವಿನ ಮೆಟ್ಟಿಲುಗಳೇ ಕಾಣಲಿಲ್ಲ. ಎಲ್ಲಿ ಬಚ್ಚಿಟ್ಟುಕೊಂಡಿತ್ತು? ಹೆಚ್ಚು ಜನ ಒಪ್ಪುವ ಉತ್ತರ ಇದು. ನಮ್ಮ ನಿಮ್ಮ ಮೈ ಒಂದೆರಡು ವಾರದಲ್ಲಿ ವೈರಸ್ಸನ್ನು ಹೊರಗೆ ಹಾಕುತ್ತದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಔಷಧ ಸಿಗದ ಎಚ್‌ಐವಿ ರೋಗಿಗಳು, ಅಂಗಾಂಗ ಕಸಿಯಾದವರು, ಇಂಥವರಲ್ಲಿ ಕೆಲವರ ಮೈಯಲ್ಲಿ ಅದು ತಿಂಗಳುಗಟ್ಟಲೆ ಉಳಿಯುತ್ತದೆ. ಅಲ್ಲಿ ರೋಗನಿರೋಧಕ ಶಕ್ತಿ ಪೂರ್ತಿ ಇಲ್ಲವೂ ಅಲ್ಲ, ಸಾಕಾಗುವಷ್ಟು ಇದೆ ಅಂತಲೂ ಅಲ್ಲ. ಸಾಣಿಗೆ ಇದೆ, ಆದರೆ ವೈರಸ್ಸನ್ನು ಮುಗಿಸುವಷ್ಟು ಗಟ್ಟಿ ಇಲ್ಲ. ಒಂದೇ ಮೈಯಲ್ಲಿ ಹುಟ್ಟಿದ ತಪ್ಪುಗಳಿಗೆ ಅಲ್ಲೇ ಪೈಪೋಟಿ. ಸಣ್ಣ ಬಾಗಿಲು ದಾಟುವ ಅದೃಷ್ಟದ ಆಟ ಇಲ್ಲ. ಹೀಗೆ ತಿಂಗಳಾನುಗಟ್ಟಲೆ ಪಳಗಿದ್ದು ಒಂದು ದಿನ ಹೊರಗೆ ಬರುತ್ತದೆ. ಇಂಥ ರೋಗಿಗಳ ಮೈಯ ವೈರಸ್ಸನ್ನು ವಾರವಾರ ಓದಿ ನೋಡಿದಾಗ, ಮುಂದೆ ಬಂದ ಬದಲಾವಣೆಗಳೇ ಅಲ್ಲಿ ಕಂಡವು. ಹಾಗಂತ ಅವರನ್ನು ದೂರಬೇಡಿ. ಚಿಕಿತ್ಸೆ ಬೇಗ ಸಿಗದೇ ಹೋದರೆ ಅದರಲ್ಲಿ ಅವರ ತಪ್ಪೇನಿದೆ?

ಪ್ರಾಣಿಗಳೂ ಇನ್ನೊಂದು ದಾರಿ. ಡೆನ್ಮಾರ್ಕಿನಲ್ಲಿ ತುಪ್ಪಳಕ್ಕಾಗಿ ಸಾಕುವ ಮಿಂಕ್ ಅನ್ನುವ ಪ್ರಾಣಿಗಳಿಗೆ ಮನುಷ್ಯರಿಂದ ವೈರಸ್ ಹೋಯಿತು, ಅಲ್ಲಿ ಬದಲಾಯಿತು, ಮತ್ತೆ ಮನುಷ್ಯರಿಗೆ ಬಂತು. 2020ರ ನವೆಂಬರಿನಲ್ಲಿ ದೇಶದ ಮಿಂಕ್‌ಗಳನ್ನೆಲ್ಲ ಕೊಲ್ಲಲು ಹೊರಟರು, ಸುಮಾರು ಒಂದೂವರೆ ಕೋಟಿಗೂ ಮೇಲೆ.

2021ರ ಕೊನೆಗೆ ಸಾಣಿಗೆ ಬದಲಾಗಿತ್ತು. ಅಷ್ಟು ಹೊತ್ತಿಗೆ ಎಷ್ಟೋ ಜನರಿಗೆ ಸೋಂಕು ಬಂದು ಹೋಗಿತ್ತು, ಎಷ್ಟೋ ಜನ ಲಸಿಕೆ ಹಾಕಿಸಿಕೊಂಡಿದ್ದರು. ತೆರೆದ ಬಾಗಿಲುಗಳು ಕಡಿಮೆ. ಈಗ ಬರೀ ಓಟ ಸಾಲದು. ಮಳೆಗಾಲ ಬಂತು, ಕೊಡೆ ಇದ್ದವನಿಗೆ ಕಾಲ. ನವೆಂಬರ್ 24ಕ್ಕೆ ದಕ್ಷಿಣ ಆಫ್ರಿಕ ಒಮಿಕ್ರಾನ್ ಸುದ್ದಿ ಕೊಟ್ಟಿತು. ಡಿಸೆಂಬರ್ 2ಕ್ಕೆ ನಮ್ಮ ಬೆಂಗಳೂರಿನಲ್ಲಿ ದೇಶದ ಮೊದಲ ಎರಡು ಪ್ರಕರಣ. ಮುಳ್ಳೊಂದರಲ್ಲೇ 30ಕ್ಕೂ ಹೆಚ್ಚು ಬದಲಾವಣೆ. ಹಳೆಯ ಮುಳ್ಳನ್ನು ಗುರುತು ಹಿಡಿಯಲು ಕಲಿತ ಪ್ರತಿಕಾಯಗಳು ಇದನ್ನು ನೋಡಿ ಗಲಿಬಿಲಿಯಾದವು.

ಇಲ್ಲಿ ನಮ್ಮ ಬಾವ ಮತ್ತೆ ಬರುತ್ತಾನೆ. ಒಮಿಕ್ರಾನ್‌ನ ಕೆಲವು ಬದಲಾವಣೆಗಳು ಪ್ರತಿಕಾಯದಿಂದ ತಪ್ಪಿಸಿಕೊಳ್ಳಲು ಒಳ್ಳೆಯವು, ಆದರೆ ಜೀವಕೋಶವನ್ನು ಹಿಡಿಯುವ ಪಟ್ಟನ್ನು ಸಡಿಲ ಮಾಡುತ್ತವೆ. ಒಂಟಿಯಾಗಿ ಬಂದಿದ್ದರೆ ಸೋಲುತ್ತಿದ್ದವು. ಆದರೆ 501ನೇ ಮಣಿ, ಅದರ ಜೊತೆ 498ನೇ ಮಣಿ ಬದಲಾಗಿ ಪಟ್ಟನ್ನು ಮತ್ತೆ ಬಿಗಿ ಮಾಡಿದವು. ಒಂದು ತಪ್ಪು 'ಬಾವ' ಅಂತ ಬರೆಯಿತು, ಇನ್ನೊಂದು 'ಇತ್ತು' ಅನ್ನುವುದನ್ನು 'ಇದ್ದ' ಅಂತ ಸರಿ ಮಾಡಿತು. ವ್ಯತ್ಯಾಸ ಏನೆಂದರೆ ವೈರಸ್ಸಿನಲ್ಲಿ ಸರಿ ಮಾಡುವ ಜಾಣ ಹುಡುಗಿ ಇಲ್ಲ. ಎರಡನೆಯದೂ ಕುರುಡು ತಪ್ಪೇ. ಎಷ್ಟೋ ಕುರುಡು ತಪ್ಪುಗಳ ನಡುವೆ ಹೊಂದಿದ್ದು ಉಳಿಯಿತು.

ಮಿಶ್ರಪಾಠಗಳೂ ಬಂದವು. ಲಿಪಿಕಾರ ಎರಡು ಓಲೆ ಮುಂದಿಟ್ಟುಕೊಂಡು ಅರ್ಧ ಇದರಿಂದ, ಅರ್ಧ ಅದರಿಂದ ಬರೆದ ಹಾಗೆ. ಒಬ್ಬನ ಮೈಗೆ ಒಟ್ಟಿಗೆ ಎರಡು ಬಗೆ ಹೊಕ್ಕರೆ ಹೀಗಾಗುತ್ತದೆ. 2022ರ ಎಕ್ಸ್‌ಬಿಬಿ ಹುಟ್ಟಿದ್ದು ಒಮಿಕ್ರಾನ್ ಮನೆತನದ ಎರಡು ಕವಲುಗಳ ಈ ಥರದ ಕೂಡಿಕೆಯಿಂದ.

ನಡುವೆ ಒಂದು ಚೀಟಿ ಬಂದಿದೆ. 'ಲಸಿಕೆ ಕೊಟ್ಟಿದ್ದಕ್ಕೇ ಈ ರೂಪಾಂತರಿಗಳು ಹುಟ್ಟಿದವಂತೆ, ನಿಜವಾ?' ತಾರೀಖು ನೋಡಿ ಸಾಕು. ಬೀಟಾದ ಮೊದಲ ಮಾದರಿ 2020ರ ಮೇ, ಆಲ್ಫಾ ಸೆಪ್ಟೆಂಬರ್, ಡೆಲ್ಟಾ ಅಕ್ಟೋಬರ್, ಬ್ರೆಜಿಲ್‌ನ ಗಾಮಾ ನವೆಂಬರ್. ಬ್ರಿಟನ್ನಿನಲ್ಲಿ ಜನರಿಗೆ ಲಸಿಕೆ ಶುರುವಾದದ್ದು ಆ ಡಿಸೆಂಬರ್ 8ಕ್ಕೆ, ನಮ್ಮಲ್ಲಿ 2021ರ ಜನವರಿ 16ಕ್ಕೆ. ಮಗು ಹುಟ್ಟಿದ ಮೇಲೆ ಮದುವೆಯಾದವನನ್ನು ಅಪ್ಪ ಅನ್ನುವ ಹಾಗಾಯಿತು ಈ ವಾದ. ಆದರೆ ಪ್ರಶ್ನೆಯಲ್ಲಿ ಒಂದು ಕಾಳು ಸತ್ಯ ಇದೆ. ರೋಗನಿರೋಧಕ ಶಕ್ತಿ ಸಾಣಿಗೆಯನ್ನು ಬದಲಿಸುತ್ತದೆ, ಅದು ಲಸಿಕೆಯಿಂದ ಬಂದಿರಲಿ, ಸೋಂಕಿನಿಂದ ಬಂದಿರಲಿ. ಸೋಂಕಿನ ದಾರಿಯಲ್ಲಿ ಕೋಟಿಗಟ್ಟಲೆ ಪ್ರತಿ ತೆಗೆಸಿ, ಜನರನ್ನು ಸಾಯಿಸಿ ಆ ಶಕ್ತಿ ಬರುತ್ತದೆ. ನನ್ನನ್ನು ಕೇಳಿದರೆ ಆಯ್ಕೆ ಕಷ್ಟವೇನಲ್ಲ.

ಹಾಗಾದರೆ ಸಿಡುಬು ಯಾಕೆ ಹೀಗೆ ಬದಲಾಗಲಿಲ್ಲ? ಬೆಳಗಾವಿಗೆ ಹೋದವರು ತಿಲಕವಾಡಿಯ ವ್ಯಾಕ್ಸಿನ್ ಡಿಪೋ ನೋಡಿರುತ್ತೀರಿ. ಈಗ ಅಲ್ಲಿ ಜನ ಬೆಳಿಗ್ಗೆ ವಾಕಿಂಗ್ ಮಾಡುತ್ತಾರೆ. ಆ ಹೆಸರು ಯಾಕೆ ಬಂತು ಅಂತ ಎಷ್ಟು ಜನ ಕೇಳಿದ್ದಾರೋ. ಒಂದು ಕಾಲದಲ್ಲಿ ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಸಿಡುಬಿನ ವೈರಸ್ಸಿನ ಓಲೆ ಡಿಎನ್‌ಎಯದು, ಸುಮಾರು 1,86,000 ಅಕ್ಷರ. ಅದರ ಲಿಪಿಕಾರ ಬಹಳ ಎಚ್ಚರದವನು, ಹಾಗಾಗಿ ಬದಲಾವಣೆ ನಿಧಾನ. ಜೊತೆಗೆ ಪ್ರತಿಕಾಯಗಳು ಗುರುತು ಹಿಡಿಯಲು ಅದರ ಮೈಮೇಲೆ ಒಂದಲ್ಲ, ಹಲವು ಪ್ರೊಟೀನುಗಳಿವೆ. ಎಲ್ಲವೂ ಒಟ್ಟಿಗೆ ಬದಲಾಗುವುದು ಕಷ್ಟ. ಅದೇ ಹಳೆಯ ಲಸಿಕೆ ಕೊನೆಯ ತನಕ ಕೆಲಸ ಮಾಡಿತು, 1980ರಲ್ಲಿ ಸಿಡುಬು ಮುಗಿಯಿತು ಅಂತ ಸಾರಿದರು. 2022ರಲ್ಲಿ ನಮ್ಮ ದನಗಳಿಗೆ ಚರ್ಮಗಂಟು ರೋಗ ಬಂತಲ್ಲ, ಆಗ ಹಾಕಿದ್ದು ಮೇಕೆ ಸಿಡುಬಿನ ಲಸಿಕೆ. ಎರಡೂ ಸಿಡುಬಿನ ಮನೆತನದ ವೈರಸ್ಸುಗಳೇ, ಒಂದನ್ನೊಂದು ಅಷ್ಟು ಹೋಲುತ್ತವೆ. ಕಾಲುಬಾಯಿ ಬೇನೆ ಹಾಗಲ್ಲ. ಅದು ಆರ್‌ಎನ್‌ಎ ವೈರಸ್, ಅದರಲ್ಲಿ ಏಳು ಬಗೆ. ನಮ್ಮ ಲಸಿಕೆಯಲ್ಲಿ ಮೂರನ್ನು ಸೇರಿಸಿ ಆರು ತಿಂಗಳಿಗೊಮ್ಮೆ ಹಾಕಬೇಕು. ದನ ಕಟ್ಟಿದವರಿಗೆ ನಾನು ಇದನ್ನು ಹೇಳಿಕೊಡಬೇಕಿಲ್ಲ.

ಇನ್ನೊಂದು ನಂಬಿಕೆ ಇದೆ. ವೈರಸ್ ದಿನ ಕಳೆದಂತೆ ಸೌಮ್ಯ ಆಗುತ್ತದೆ, ಮನೆಯ ಮಾಲೀಕನನ್ನೇ ಕೊಂದರೆ ಬಾಡಿಗೆಯವನು ಎಲ್ಲಿ ಇರಬೇಕು, ಅಂತ. ಕೇಳಲು ಚೆನ್ನಾಗಿದೆ. ಆಸ್ಟ್ರೇಲಿಯದಲ್ಲಿ 1950ರಲ್ಲಿ ಬೆಳೆ ತಿನ್ನುವ ಮೊಲಗಳ ಮೇಲೆ ಮಿಕ್ಸೋಮಾ ಅನ್ನುವ ವೈರಸ್ ಬಿಟ್ಟರು. ತಗಲಿದ ನೂರಕ್ಕೆ 99ಕ್ಕೂ ಹೆಚ್ಚು ಮೊಲ ಸತ್ತವು. ಕೆಲವೇ ವರ್ಷದಲ್ಲಿ ಸ್ವಲ್ಪ ಮೆದುವಾದ ಬಗೆ ಮೇಲುಗೈ ಪಡೆಯಿತು. ಯಾಕೆಂದರೆ ಅದನ್ನು ಹರಡುವುದು ಸೊಳ್ಳೆ. ಎರಡೇ ವಾರದಲ್ಲಿ ಮೊಲ ಸತ್ತರೆ ಸೊಳ್ಳೆ ಕಚ್ಚಲು ಸಮಯ ಎಲ್ಲಿ? ಆದರೆ ಪೂರ್ತಿ ಸಾಧು ಆದದ್ದೂ ಗೆಲ್ಲಲಿಲ್ಲ. ಹುಣ್ಣು ಚೆನ್ನಾಗಿ ಏಳದಿದ್ದರೆ ಸೊಳ್ಳೆಗೆ ವೈರಸ್ ಹತ್ತುವುದಿಲ್ಲ. ಗೆದ್ದದ್ದು ನಡುವಿನದು, ಅದೂ ನೂರರಲ್ಲಿ 70ಕ್ಕೂ ಹೆಚ್ಚು ಮೊಲ ಕೊಲ್ಲುವಂಥದ್ದು. ಮುಂದೆ ಮೊಲಗಳು ಗಟ್ಟಿಯಾದವು, ಅದರ ಹಿಂದೆಯೇ ವೈರಸ್ ಮತ್ತೆ ಉಗ್ರವಾಯಿತು.

ಕೊರೊನಾದಲ್ಲಿ ಈ ಲೆಕ್ಕವೂ ನಡೆಯುವುದಿಲ್ಲ. ಅದು ಇನ್ನೊಬ್ಬರಿಗೆ ದಾಟುವುದು ಮೊದಲ ಕೆಲವು ದಿನಗಳಲ್ಲಿ, ಕೆಮ್ಮು ಶುರುವಾಗುವ ಹಿಂದೆ ಮುಂದೆ. ಸಾವು ಬರುವುದು ಎರಡು ಮೂರು ವಾರದ ಮೇಲೆ. ಅಷ್ಟರಲ್ಲಿ ಅದರ ಮಕ್ಕಳು ಬೇರೆ ಊರು ಸೇರಿರುತ್ತವೆ. ರೋಗಿ ಉಳಿದರೇನು, ಸತ್ತರೇನು, ಸಾಣಿಗೆಗೆ ಅದು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಡೆಲ್ಟಾ ಹಿಂದಿನದಕ್ಕಿಂತ ಉಗ್ರವಾಗಿತ್ತು, ಆದರೂ ಗೆದ್ದಿತು. ಒಮಿಕ್ರಾನ್ ಶ್ವಾಸಕೋಶದ ಆಳಕ್ಕೆ ಕಡಿಮೆ ಇಳಿಯಿತು, ನಿಜ. ಆದರೆ ನಮಗೆ ಅದು ಹಗುರ ಅನ್ನಿಸಿದ್ದರಲ್ಲಿ ನಮ್ಮ ಮೈಯ ಮೊದಲಿನ ಪರಿಚಯದ ಪಾಲು ದೊಡ್ಡದು. ಹಾಂಗ್‌ಕಾಂಗ್‌ನಲ್ಲಿ ಬಹಳಷ್ಟು ಮುದುಕರು ಲಸಿಕೆ ಹಾಕಿಸಿಕೊಂಡಿರಲಿಲ್ಲ. 2022ರ ಮಾರ್ಚಿನಲ್ಲಿ ಅದೇ ಹಗುರ ಒಮಿಕ್ರಾನ್ ಅಲ್ಲಿ ಹೋದಾಗ, ಜನಸಂಖ್ಯೆಗೆ ಹೋಲಿಸಿದರೆ ಆ ಹೊತ್ತಿನಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಸಾವು ಕಂಡ ಜಾಗಗಳಲ್ಲಿ ಅದೂ ಒಂದಾಯಿತು.

ಮುಂದಿನದು ಯಾವುದು ಅಂತ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. 2023ರ ಕಥೆಯನ್ನೇ ಉತ್ತರ ಅಂದುಕೋ. ಆ ಆಗಸ್ಟಿನಲ್ಲಿ ಒಮಿಕ್ರಾನ್ ಮನೆತನದ ಬಿಎ.2.86 ಕಂಡಿತು. ತನ್ನ ಪೂರ್ವಜನಿಗಿಂತ ಮುಳ್ಳಿನಲ್ಲಿ ಮತ್ತೆ 30ಕ್ಕೂ ಹೆಚ್ಚು ಬದಲಾವಣೆ. ಎಲ್ಲರೂ ಗಾಬರಿಯಾದರು. ಅದು ಅಷ್ಟೇನೂ ಓಡಲಿಲ್ಲ. ಸರಿ ಬಿಡು ಅನ್ನುವಷ್ಟರಲ್ಲಿ ಅದರ ಒಂದು ಮಗುವಿನ ಮುಳ್ಳಿನಲ್ಲಿ ಇನ್ನೊಂದು ಮಣಿ, 455ನೆಯದು, ಬದಲಾಯಿತು. ಅದೇ ಜೆಎನ್.1. ಕೆಲವೇ ತಿಂಗಳಲ್ಲಿ ಜಗತ್ತು ತುಂಬಿತು. ಮೂವತ್ತು ಮಾಡದ ಕೆಲಸವನ್ನು ಒಂದು ಮಾಡಿತು. ಯಾವ ಮಣಿಗಳ ಮೇಲೆ ಒತ್ತಡ ಇದೆ ಅಂತ ಈಗ ಸಾಕಷ್ಟು ಚೆನ್ನಾಗಿ ಹೇಳಬಹುದು. ಯಾವ ಊರಿನ ಯಾವ ಮೂಗಿನಲ್ಲಿ, ಯಾವ ದಿನ ಅಂತ ಹೇಳಲು ಆಗದು.

ಕೊನೆಗೆ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ಕೇಳಿದರು, "ಅಲ್ರಿ ಸರ್, ತಪ್ಪು ಮಾಡೂದರಿಂದನ ಅದು ಬದುಕತೈತಿ ಅಂದ್ರ, ತಪ್ಪು ಮಾಡಲಾರದಂಗ ಮಾಡಾಕ ಬರೂದಿಲ್ಲೇನ್ರಿ?"

ಇದಕ್ಕೆ ವಿಜ್ಞಾನಿಗಳು ಉಲ್ಟಾ ಉಪಾಯ ಮಾಡಿದ್ದಾರೆ. ತಪ್ಪನ್ನು ನಿಲ್ಲಿಸುವುದಲ್ಲ, ಜಾಸ್ತಿ ಮಾಡಿಸುವುದು. ಮೊಲ್ನುಪಿರಾವಿರ್ ಅನ್ನುವ ಮಾತ್ರೆ 2021ರ ಕೊನೆಗೆ ಬಂತು. ಅದು ಲಿಪಿಕಾರನ ಕೈಗೆ ಸುಳ್ಳು ಅಕ್ಷರ ಕೊಡುತ್ತದೆ. ಎಷ್ಟು ತಪ್ಪು ಬೀಳುತ್ತದೆ ಅಂದರೆ ಓಲೆ ಓದಲಾಗದೆ ವಂಶವೇ ನಿಲ್ಲಬೇಕು. ಆದರೆ 2023ರಲ್ಲಿ ಗೊತ್ತಾಯಿತು, ಈ ಮಾತ್ರೆ ಮಾಡಿಸುವ ತಪ್ಪಿನ ಗುರುತು ಇರುವ ಕೆಲವು ವೈರಸ್ಸುಗಳು ಸಾಯದೆ ಉಳಿದು, ಒಬ್ಬರಿಂದ ಇನ್ನೊಬ್ಬರಿಗೂ ದಾಟಿದ್ದವು. ದೊಡ್ಡ ಅಲೆ ಏನೂ ಏಳಲಿಲ್ಲ.

ಅವರು ಕೂರಲಿಲ್ಲ. "ಹಂಗಾರ ಬಾವನ್ನ ತಿರುಗಿ ಬಾವಿ ಮಾಡಾಕೂ ಬರೂದಿಲ್ಲನ್ರಿ?"

ಬರುತ್ತದೆ. ಇನ್ನೊಬ್ಬ ಹುಡುಗ ಕಣ್ಣು ತಪ್ಪಿ ಗುಡಿಸು ಸೇರಿಸಿಬಿಟ್ಟರೆ ಸಾಕು. ಆದರೆ ಅಷ್ಟು ಹೊತ್ತಿಗೆ ಮುಂದಿನ ಪದ 'ಇದ್ದ' ಆಗಿರುತ್ತದೆ. 'ಒಬ್ಬ ಹಳೆಯ ಬಾವಿ ಇದ್ದ' ಅನ್ನುವ ಚೀಟಿಯನ್ನು ಯಾರು ಬರೆದುಕೊಳ್ಳುತ್ತಾರೆ?